ಹರಡುವ ಅಲೆ ಎಂದಾದರೂ ನಿಲ್ಲುತ್ತದೆಯೇ? ಕೇಯಾಸ್ ಲೆಕ್ಕದಲ್ಲಿ ಕಂಪ್ಯೂಟರಿನ ಸಾಕ್ಷ್ಯ

2008ರ ಮೊದಲ ತಿಂಗಳುಗಳಲ್ಲಿ 'ಫಿಸಿಕಲ್ ರಿವ್ಯೂ ಲೆಟರ್ಸ್' ಪತ್ರಿಕೆಯ ಬೆನ್ನುಬೆನ್ನಿನ ಸಂಚಿಕೆಗಳಲ್ಲಿ ಎರಡು ಪ್ರಬಂಧಗಳು ಬಂದವು. ವಿಷಯ ಒಂದೇ, ಶೀರ್ಷಿಕೆಗಳು ಮಾತ್ರ ಒಂದಕ್ಕೊಂದು ಎದುರು ನಿಂತಿದ್ದವು. ಏರುಪೇರಾದ ಮಾಧ್ಯಮದಲ್ಲಿ ಸಿಕ್ಕಿಬಿದ್ದ ಅಲೆಗೆ ತುಸುವೇ ಅರೇಖೀಯತೆ (ಅಲೆಯ ಎತ್ತರವೇ ಅದರ ಲಯವನ್ನು ಬದಲಿಸುವ ಗುಣ) ಬೆರೆಸಿದರೂ ಅದರ ಬಂಧನ ಮುರಿಯುತ್ತದೆ ಎಂದು ಪಿಕೋವ್‌ಸ್ಕಿ ಮತ್ತು ಶೆಪೆಲ್ಯಾನ್‌ಸ್ಕಿ ಬರೆದಿದ್ದರು. ಅಂಥ ವ್ಯವಸ್ಥೆಗಳಲ್ಲಿ ಅಲೆ ಹರಡುವುದೇ ಇಲ್ಲ ಎಂಬುದು ಕೊಪಿಡಾಕಿಸ್, ಕೊಮಿನಿಯಾಸ್, ಫ್ಲಾಖ್ ಮತ್ತು ಒಬ್ರಿ ಅವರ ಶೀರ್ಷಿಕೆಯ ದನಿ. ಇಬ್ಬರೂ ಕಂಪ್ಯೂಟರಿನ ಲೆಕ್ಕವನ್ನೇ ಮುಂದಿಟ್ಟಿದ್ದರು. ಸ್ವಾರಸ್ಯವೆಂದರೆ, ಎರಡನೆಯ ತಂಡದ ಸೆರ್ಗೈ ಫ್ಲಾಖ್ ಅವರೇ ಮರುವರ್ಷ ಕ್ರಿಮರ್ ಮತ್ತು ಸ್ಕೋಕೋಸ್ ಜೊತೆ ಸೇರಿ, ಹರಡುತ್ತದೆ ಎಂದು ತೋರಿಸುವ ಪ್ರಬಂಧ ಬರೆದರು. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಲೆಕ್ಕ ನಡೆದಿದೆ, ಯಂತ್ರಗಳು ನೂರಾರು ಪಟ್ಟು ಚುರುಕಾಗಿವೆ. ಪ್ರಶ್ನೆ ಇನ್ನೂ ಮುಚ್ಚಿಲ್ಲ.

ಯಾಕೆ ಮುಚ್ಚಿಲ್ಲ ಎಂಬುದೇ ಈ ಲೇಖನದ ವಿಷಯ. ಕೇಯಾಸ್ (ಆರಂಭದ ಕೂದಲೆಳೆಯಷ್ಟು ವ್ಯತ್ಯಾಸವೂ ಘಾತೀಯವಾಗಿ ಬೆಳೆಯುವ ಚಲನೆ) ಎಂದರೆ ಭವಿಷ್ಯ ಹೇಳಲಾಗದ ಸ್ಥಿತಿ, ಆದ್ದರಿಂದ ಕಂಪ್ಯೂಟರ್ ಅಲ್ಲಿ ಸೋಲುತ್ತದೆ ಎಂಬ ಮಾತು ಜನಪ್ರಿಯ ವಿಜ್ಞಾನ ಬರಹಗಳಲ್ಲಿ ಪದೇ ಪದೇ ಬರುತ್ತದೆ. ನನ್ನ ಎಣಿಕೆಯಲ್ಲಿ ಅದು ಅರ್ಧ ಸತ್ಯ. ಕೇಯಾಸ್ ಜೋರಾಗಿದ್ದಾಗ ಕಂಪ್ಯೂಟರ್ ಸಾಕಷ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಕೇಯಾಸ್ ತೀರ ಬಡಕಲಾಗಿ, ಆಮೆಗತಿಯಲ್ಲಿ ಕೆಲಸ ಮಾಡುವಾಗಲೇ ಅದು ಕೈಚೆಲ್ಲುವುದು.

ಜಗಳದ ಬೇರು 1958ರಲ್ಲಿದೆ. ಸ್ಫಟಿಕದಲ್ಲಿ ಪರಮಾಣುಗಳು ಒಂದೇ ಬಗೆಯಾಗಿ ಸಾಲಾಗಿ ನಿಂತಿದ್ದರೆ ಎಲೆಕ್ಟ್ರಾನಿನ ಅಲೆ ಅದರೊಳಗೆ ಸರಾಗವಾಗಿ ಸಾಗುತ್ತದೆ. ಒಂದೊಂದು ಪರಮಾಣುವಿನ ಶಕ್ತಿಮಟ್ಟವೂ ಮನಬಂದಂತೆ ಹೆಚ್ಚುಕಡಿಮೆಯಾಗಿದ್ದರೆ ಏನಾಗುತ್ತದೆ? ಅಲೆ ಅಲ್ಲಲ್ಲಿ ಚದುರಿ ನಿಧಾನವಾದೀತು, ಅಷ್ಟೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಬೆಲ್ ಪ್ರಯೋಗಾಲಯದ ಫಿಲಿಪ್ ಆಂಡರ್ಸನ್ ಕಂಡುಕೊಂಡದ್ದು ಬೇರೆ. ಏರುಪೇರು ಸಾಕಷ್ಟಿದ್ದರೆ ಅಲೆ ಪೂರ್ತಿ ನಿಂತುಬಿಡುತ್ತದೆ, ಹುಟ್ಟಿದ ಜಾಗದ ಆಸುಪಾಸಿನಲ್ಲೇ ಉಳಿಯುತ್ತದೆ. ಒಂದೇ ಆಯಾಮದ ಸರಪಳಿಯಲ್ಲಂತೂ ಎಳ್ಳಷ್ಟು ಏರುಪೇರು ಸಾಕು. ಈ ಕೆಲಸವೂ ಸೇರಿದಂತೆ ಆಂಡರ್ಸನ್ ಅವರ ಸಾಧನೆಗೆ 1977ರಲ್ಲಿ ಮಾಟ್ ಮತ್ತು ವ್ಯಾನ್ ವ್ಲೆಕ್ ಜೊತೆಗೆ ನೊಬೆಲ್ ಬಂತು. 2008ರಲ್ಲೇ ಫ್ರಾನ್ಸಿನ ಮತ್ತು ಇಟಲಿಯ ಫ್ಲಾರೆನ್ಸಿನ ಎರಡು ತಂಡಗಳು, ಅತಿಶೀತಲ ಪರಮಾಣುಗಳ ಅಲೆ ಹೀಗೆ ನಿಂತುಬಿಡುವುದನ್ನು ನೇರವಾಗಿ ಅಳೆದು ತೋರಿಸಿದವು.

ಆದರೆ ಆಂಡರ್ಸನ್ ಅವರ ಅಲೆ ರೇಖೀಯ. ಅದರೊಳಗಿನ ಕಂಪನಗಳಿಗೆ ಒಂದರ ಸುದ್ದಿ ಇನ್ನೊಂದಕ್ಕೆ ಬೇಡ. ಪ್ರತಿಯೊಂದೂ ತನ್ನ ಮೂಲೆಯಲ್ಲಿ ತನ್ನ ಪಾಡಿಗೆ ಕಂಪಿಸುತ್ತದೆ. ನಿಜವಾದ ಪರಮಾಣುಗಳು ಒಂದನ್ನೊಂದು ತಳ್ಳುತ್ತವೆ, ಗಾಜಿನೊಳಗೆ ಹಾಯುವ ಪ್ರಬಲ ಬೆಳಕು ಗಾಜಿನ ಗುಣವನ್ನೇ ಬದಲಿಸುತ್ತದೆ. ಅಲೆಯ ಎತ್ತರವೇ ಅಲೆಯ ಲಯವನ್ನು ಬದಲಿಸುವುದಾದರೆ, ದೂರ ದೂರದ ಕಂಪನಗಳು ಒಂದರ ಮಾತು ಇನ್ನೊಂದು ಕೇಳತೊಡಗುತ್ತವೆ. ಆಗ ಅವುಗಳ ನಡುವೆ ಶಕ್ತಿ ಸೋರಿ, ಸಿಕ್ಕಿಬಿದ್ದ ಅಲೆ ಮೆಲ್ಲನೆ ಹೊರಗೆ ಹರಿಯಬಹುದೇ? ನೂರಾರು, ಸಾವಿರಾರು ಕಂಪನಗಳು ಜೊತೆಗೂಡಿದ ಈ ಸರಪಳಿ ಒಂದು ಬಹು ಆಯಾಮದ ಚಲನವ್ಯವಸ್ಥೆ. ಅದರಲ್ಲಿ ಕೇಯಾಸ್ ಇದೆಯೇ, ಇದ್ದರೆ ಅದು ವಿಸರಣಕ್ಕೆ, ಅಂದರೆ ಅಲೆ ಮೆಲ್ಲನೆ ಹರಡಿಕೊಳ್ಳುವುದಕ್ಕೆ, ದಾರಿ ಮಾಡಿಕೊಡುತ್ತದೆಯೇ ಎಂಬುದನ್ನು ಕಾಗದದ ಮೇಲೆ ಬಿಡಿಸಲು ಈವರೆಗೆ ಯಾರಿಗೂ ಆಗಿಲ್ಲ. ಉಳಿದದ್ದು ಲೆಕ್ಕಯಂತ್ರ.

ಯಂತ್ರಕ್ಕೆ ಇಂಥ ಪ್ರಶ್ನೆ ಹಾಕಿದ್ದು ಇದೇ ಮೊದಲಲ್ಲ. ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಎನ್ರಿಕೊ ಫರ್ಮಿ, ಜಾನ್ ಪಾಸ್ತಾ ಮತ್ತು ಸ್ಟಾನಿಸ್ಲಾವ್ ಉಲಾಮ್ 1950ರ ದಶಕದ ಆರಂಭದಲ್ಲಿ 'ಮೇನಿಯಾಕ್' ಎಂಬ ಕಂಪ್ಯೂಟರಿಗೆ ಕೆಲವು ಡಜನ್ ತೂಕಗಳನ್ನು ಸ್ಪ್ರಿಂಗುಗಳಿಂದ ಜೋಡಿಸಿದ ಒಂದು ಸರಪಳಿಯನ್ನು ಉಣ್ಣಿಸಿದರು. ಸ್ಪ್ರಿಂಗುಗಳಲ್ಲಿ ಚೂರು ಅರೇಖೀಯತೆ ಇತ್ತು. ಶಕ್ತಿಯನ್ನೆಲ್ಲ ಅತ್ಯಂತ ನಿಧಾನದ ಕಂಪನಕ್ಕೆ ಕೊಟ್ಟರೆ ಅದು ಕಾಲಕ್ರಮದಲ್ಲಿ ಎಲ್ಲ ಕಂಪನಗಳಿಗೂ ಸಮನಾಗಿ ಹಂಚಿಹೋಗುತ್ತದೆ, ಅಂದರೆ ಸರಪಳಿ 'ಬಿಸಿಯಾಗುತ್ತದೆ' ಎಂಬುದು ಅವರ ನಿರೀಕ್ಷೆ. ಶಕ್ತಿ ಕೆಲವೇ ಕಂಪನಗಳ ನಡುವೆ ಅಡ್ಡಾಡಿ, ನೂರಕ್ಕೆ ಕೆಲವೇ ಅಂಶದಷ್ಟು ಕೊರತೆಯೊಂದಿಗೆ, ಹೊರಟಲ್ಲಿಗೇ ಮರಳಿತು. ಫರ್ಮಿ 1954ರ ನವೆಂಬರಿನಲ್ಲಿ ತೀರಿಕೊಂಡರು, ವರದಿ ಸಿದ್ಧವಾದದ್ದು 1955ರ ಮೇ ತಿಂಗಳಲ್ಲಿ. ಯಂತ್ರಕ್ಕೆ ಆದೇಶಗಳನ್ನು ಬರೆದ ಮೇರಿ ತ್ಸಿಂಗು ಅವರ ಹೆಸರು ವರದಿಯ ಒಳಗೆ ಬಂತು, ಬರೆದವರ ಪಟ್ಟಿಯಲ್ಲಿ ಬರಲಿಲ್ಲ. ಆ ಸಮಸ್ಯೆಯ 'FPU' ಎಂಬ ಸಂಕ್ಷಿಪ್ತ ಹೆಸರಿಗೆ ತ್ಸಿಂಗು ಅವರ ನಾಲ್ಕನೆಯ ಅಕ್ಷರ 'T' ಸೇರಲು ಅರ್ಧ ಶತಮಾನವೇ ಬೇಕಾಯಿತು.

ಆ ಲೆಕ್ಕ ತಪ್ಪಾಗಿರಲಿಲ್ಲ, ಸಾಲದೇ ಬಂದಿತ್ತು. ಶಕ್ತಿ ಒಂದು ಮಟ್ಟ ದಾಟಿದರೆ ಅದೇ ಸರಪಳಿ ಬೇಗನೆ ಕೇಯಾಸಿಗೆ ಬೀಳುತ್ತದೆಂದು 1966ರಲ್ಲಿ ಇಜ್ರೈಲೆವ್ ಮತ್ತು ಚಿರಿಕೋವ್ ಅಂದಾಜಿಸಿದರು. ಶಕ್ತಿ ಕಡಿಮೆಯಿದ್ದಾಗಲೂ ಬಹಳ ಕಾಲ ಕಾದರೆ ಹಂಚಿಕೆ ಆಗುತ್ತದೆಂದು ಮುಂದಿನ ತಲೆಮಾರಿನ ಕಂಪ್ಯೂಟರುಗಳು ತೋರಿಸಿದವು. ಮೇನಿಯಾಕ್ ಕಂಡದ್ದು ಒಂದು ದೀರ್ಘ ನಾಟಕದ ಮೊದಲ ಅಂಕವನ್ನು ಮಾತ್ರ.

ಆಯಾಮಗಳು ಹೆಚ್ಚಾದ ಕೂಡಲೇ ಕಥೆ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. 1954ರಲ್ಲಿ ಮಾಸ್ಕೋದ ಕೊಲ್ಮೊಗೊರೊವ್ ಸೂಚಿಸಿ, 1960ರ ದಶಕದ ಆರಂಭದಲ್ಲಿ ಆರ್ನಾಲ್ಡ್ ಮತ್ತು ಮೋಸರ್ ಸಾಧಿಸಿದ ಪ್ರಮೇಯದ ಸಾರ ಇಷ್ಟು. ಸುವ್ಯವಸ್ಥಿತ ಚಲನೆಯನ್ನು ಚೂರು ಕದಡಿದರೆ ಅದು ಪೂರ್ತಿ ಕೆಡುವುದಿಲ್ಲ, ಬಹುಪಾಲು ನಿಯತ ಪಥಗಳು (ವ್ಯವಸ್ಥೆಯ ಸ್ಥಿತಿ ಕಾಲದೊಂದಿಗೆ ಸಾಗುವ ಕ್ರಮಬದ್ಧ ದಾರಿಗಳು) ತುಸು ಸೊಟ್ಟಗಾಗಿ ಉಳಿದುಕೊಳ್ಳುತ್ತವೆ. ಉಳಿದ ಸಂದುಗಳಲ್ಲಿ ಕೇಯಾಸ್ ಹುಟ್ಟುತ್ತದೆ. ಎರಡು ಸ್ವತಂತ್ರ ಚಲನೆಗಳಷ್ಟೇ ಇರುವ ವ್ಯವಸ್ಥೆಯಲ್ಲಿ ಈ ಉಳಿದ ಪಥಗಳು ಗದ್ದೆಯ ಬದುವಿನಂತೆ ಕೆಲಸ ಮಾಡುತ್ತವೆ. ಒಂದು ಗದ್ದೆಯ ನೀರು ಇನ್ನೊಂದಕ್ಕೆ ಹೋಗಲಾರದು. ಸ್ವತಂತ್ರ ಚಲನೆಗಳು ಮೂರು ಅಥವಾ ಹೆಚ್ಚಾದರೆ ಬದುಗಳು ಇದ್ದೇ ಇರುತ್ತವೆ, ಆದರೆ ಜಾಗವನ್ನು ಒಳಗೆ ಹೊರಗೆ ಎಂದು ಪಾಲು ಮಾಡುವ ಶಕ್ತಿ ಅವಕ್ಕಿರುವುದಿಲ್ಲ. ಮೂರು ಚಲನೆಗಳ ಸ್ಥಾನ ಮತ್ತು ವೇಗಕ್ಕೆ ಆರು ಆಯಾಮ, ಒಟ್ಟು ಶಕ್ತಿ ಬದಲಾಗದ್ದರಿಂದ ಉಳಿಯುವುದು ಐದು. ಆ ಐದು ಆಯಾಮದ ಜಾಗದಲ್ಲಿ ಮೂರು ಆಯಾಮದ ಬದು ಎಂದರೆ ಬಯಲಿನ ನಡುವೆ ನೆಟ್ಟ ಒಂದು ಕಂಬದ ಹಾಗೆಯೇ ಸರಿ, ಸುತ್ತಿಕೊಂಡು ಹೋಗಬಹುದು. ಕೇಯಾಸಿನ ಸಂದುಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಜೇಡರ ಬಲೆಯಾಗುತ್ತವೆ.

ಆ ಬಲೆಯ ಗುಂಟ ಪಥವೊಂದು ತೀರ ದೂರದವರೆಗೆ ಅಲೆದು ಹೋಗಬಲ್ಲದೆಂದು ಆರ್ನಾಲ್ಡ್ 1964ರಲ್ಲಿ ಕೆಲವೇ ಪುಟಗಳ ಪ್ರಬಂಧದಲ್ಲಿ ಉದಾಹರಣೆ ಕೊಟ್ಟರು. ಅದಕ್ಕೆ 'ಆರ್ನಾಲ್ಡ್ ವಿಸರಣ' ಎಂದು ಹೆಸರಿಟ್ಟವರು ನೊವೊಸಿಬಿರ್ಸ್ಕ್‌ನ ಬೊರಿಸ್ ಚಿರಿಕೋವ್. ಆದರೆ 1977ರಲ್ಲಿ ನೆಖೊರೊಶೆವ್ ಇನ್ನೊಂದು ಕಡೆಯಿಂದ ಬೇಲಿ ಹಾಕಿದರು. ಕದಡುವಿಕೆ ಕಡಿಮೆಯಾದಂತೆಲ್ಲ, ಪಥ ಗಮನಾರ್ಹವಾಗಿ ಸರಿಯಲು ಬೇಕಾದ ಕಾಲ ಘಾತೀಯ ವೇಗದಲ್ಲಿ ಹಿಗ್ಗುತ್ತದೆ. ಹೀಗಾಗಿ ತಾತ್ವಿಕವಾಗಿ ಅಸ್ಥಿರ, ವ್ಯವಹಾರದಲ್ಲಿ ಸ್ಥಿರ ಎಂಬ ವಿಚಿತ್ರ ಸ್ಥಿತಿ ಹುಟ್ಟುತ್ತದೆ. ಫ್ರೋಷ್ಲೆ, ಗುಝೊ ಮತ್ತು ಲೇಗಾ 2000ದಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಆ ಬಲೆಯ ಚಿತ್ರವನ್ನೇ ಕಂಪ್ಯೂಟರಿನಿಂದ ಬಿಡಿಸಿ ತೋರಿಸಿದರು. 2003ರ ಹೊತ್ತಿಗೆ ಅದರ ಗುಂಟ ಆಗುವ ವಿಸರಣವನ್ನು ಅಳೆದೂ ಬಿಟ್ಟರು. ಕದಡುವಿಕೆ ಇಳಿದಂತೆ ವಿಸರಣದ ದರ ಯಾವ ಘಾತ ನಿಯಮಕ್ಕಿಂತಲೂ ವೇಗವಾಗಿ ಕುಸಿಯುವುದು ಅವರ ಅಂಕಿಗಳಲ್ಲಿ ಕಂಡಿತು. ನೆಖೊರೊಶೆವ್ ಹೇಳಿದ ಹಾಗೆಯೇ.

ಹಾಗಾದರೆ ಒಂದು ಪಥ ಕೇಯಾಸಿನದೋ ಅಲ್ಲವೋ ಎಂದು ಪತ್ತೆ ಮಾಡುವುದು ಹೇಗೆ? ಎರಡೇ ಚಲನೆಗಳಿದ್ದರೆ ಪಥವನ್ನು ಒಂದು ಸಮತಲದಲ್ಲಿ ಕತ್ತರಿಸಿ ಚುಕ್ಕಿಗಳನ್ನು ಇಟ್ಟು ನೋಡಿದರಾಯಿತು. ನಕ್ಷತ್ರಕೂಟದೊಳಗಿನ ನಕ್ಷತ್ರದ ದಾರಿಗಾಗಿ 1964ರಲ್ಲಿ ಹೆನೋ ಮತ್ತು ಹೈಲ್ಸ್ ಮಾಡಿದ್ದು ಅದನ್ನೇ. ಶಕ್ತಿ ಕಡಿಮೆಯಿದ್ದಾಗ ಚುಕ್ಕಿಗಳು ಅಚ್ಚುಕಟ್ಟಾದ ಗೆರೆಗಳಾದವು, ಹೆಚ್ಚಾದಾಗ ಕಾಗದದ ತುಂಬ ಎರಚಿಕೊಂಡವು. ಸಾವಿರ ಆಯಾಮಗಳಲ್ಲಿ ಈ ಸೌಕರ್ಯವಿಲ್ಲ. ಅಲ್ಲಿ ನೆಚ್ಚಿಕೊಳ್ಳುವುದು 1892ರಲ್ಲಿ ಹಾರ್ಕಿವ್‌ನ ಲ್ಯಾಪುನೋವ್ ತಮ್ಮ ಪ್ರಬಂಧದಲ್ಲಿ ಬಿತ್ತಿದ ಕಲ್ಪನೆಯನ್ನು. ಕೂದಲೆಳೆಯಷ್ಟು ಅಂತರದಲ್ಲಿ ಹೊರಟ ಎರಡು ಪಥಗಳು ದೂರವಾಗುವ ಸರಾಸರಿ ದರವೇ ಲ್ಯಾಪುನೋವ್ ಘಾತಾಂಕ. ಅದು ಸೊನ್ನೆಗಿಂತ ಹೆಚ್ಚಾಗಿದ್ದರೆ ಕೇಯಾಸ್. ಕಂಪ್ಯೂಟರಿನಲ್ಲಿ ಅದನ್ನು ಲೆಕ್ಕ ಹಾಕುವ ಕ್ರಮವನ್ನು ಬೆನೆತ್ತಿನ್, ಗಲ್ಗಾನಿ, ಜೊರ್ಜಿಲಿ ಮತ್ತು ಸ್ಟ್ರೆಲ್ಸಿನ್ 1980ರಲ್ಲಿ ಗಟ್ಟಿ ಮಾಡಿದರು.

ತೊಡಕು ಇರುವುದು 'ಸರಾಸರಿ' ಎಂಬಲ್ಲಿ. ವ್ಯಾಖ್ಯೆ ಅನಂತ ಕಾಲದ ಸರಾಸರಿ ಕೇಳುತ್ತದೆ, ಯಂತ್ರ ಕೊಡುವುದು ಈ ಗಳಿಗೆಯವರೆಗಿನದನ್ನು. ನಿಯತ ಪಥದಲ್ಲಿ ಈ ಅಂಕಿ ಕಾಲಕ್ಕೆ ವಿಲೋಮವಾಗಿ ಇಳಿಯುತ್ತಾ ಹೋಗುತ್ತದೆ. ಬಡಕಲು ಕೇಯಾಸಿನ ಪಥದಲ್ಲಿಯೂ ಮೊದಮೊದಲು ಹಾಗೆಯೇ ಇಳಿದು, ಎಷ್ಟೋ ಹೊತ್ತಿನ ಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ನಿಲ್ಲುವ ಮುನ್ನವೇ ಲೆಕ್ಕ ನಿಲ್ಲಿಸಿದವನಿಗೆ ಎರಡೂ ಒಂದೇ. ಈ ಕಾಯುವಿಕೆ ತಪ್ಪಿಸಲು 1997ರಿಂದ 2007ರ ನಡುವೆ ಹಲವು ಉಪಾಯಗಳು ಬಂದವು. ಹಾರಾಲಂಪೋಸ್ ಸ್ಕೋಕೋಸ್ 2001ರಲ್ಲಿ ಸೂಚಿಸಿದ ಒಂದು ನನಗೆ ಬಹಳ ಜಾಣತನದ್ದೆನಿಸುತ್ತದೆ. ಪಥದ ಪಕ್ಕ ಒಂದಲ್ಲ, ಎರಡು ಬೇರೆ ಬೇರೆ ದಿಕ್ಕಿನ ಬಾಣಗಳನ್ನು ಇಟ್ಟು ಅವುಗಳ ನಡುವಿನ ಕೋನವನ್ನು ಗಮನಿಸುವುದು. ಕೇಯಾಸ್ ಇದ್ದರೆ ಎರಡೂ ಅತಿ ಹಿಗ್ಗುವ ದಿಕ್ಕಿಗೆ ತಿರುಗಿ ಒಂದಾಗಿಬಿಡುತ್ತವೆ, ಅಳತೆ ಘಾತೀಯವಾಗಿ ಸೊನ್ನೆಗೆ ಬೀಳುತ್ತದೆ. ನಿಯತ ಚಲನೆಯಲ್ಲಿ ಬಾಣಗಳು ಬೇರೆಯಾಗಿಯೇ ಉಳಿಯುತ್ತವೆ. 2007ರಲ್ಲಿ ಇದೇ ಉಪಾಯ ಹಲವು ಬಾಣಗಳು ಸೇರಿ ಆವರಿಸುವ ಗಾತ್ರಕ್ಕೆ ವಿಸ್ತರಿಸಿತು.

ಇನ್ನು ಯಂತ್ರದ ನಂಬಿಕೆಯ ಮಾತು. ಇದನ್ನು ಮನೆಯ ಕಂಪ್ಯೂಟರಿನಲ್ಲೇ ಪರೀಕ್ಷಿಸಬಹುದು. ಒಂದಕ್ಕಿಂತ ಚಿಕ್ಕದಾದ ಒಂದು ಸಂಖ್ಯೆ ತೆಗೆದುಕೊಂಡು ಇಮ್ಮಡಿ ಮಾಡಿ, ಉತ್ತರ 1 ಅಥವಾ ಹೆಚ್ಚಾದರೆ 1 ಕಳೆಯಿರಿ, ಮತ್ತೆ ಇಮ್ಮಡಿ ಮಾಡಿ. ಕೇಯಾಸಿನ ಅತ್ಯಂತ ಸರಳ ಮಾದರಿ ಇದು, ದೋಷ ಪ್ರತಿ ಹೆಜ್ಜೆಗೂ ಎರಡು ಪಟ್ಟಾಗುತ್ತದೆ. 0.1ರಿಂದ ಹೊರಟರೆ 0.2, 0.4, 0.8, 0.6 ಬಂದು ಮತ್ತೆ 0.2. ಈ ಸುತ್ತು ಎಂದಿಗೂ ಮುಗಿಯಬಾರದು. ಪೈಥಾನ್ ಭಾಷೆಯಲ್ಲಿ ಐದು ಸಾಲು ಬರೆದು ಓಡಿಸಿ. ಸುಮಾರು ಐವತ್ತು ಹೆಜ್ಜೆಗಳವರೆಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಆಮೇಲೆ ಅಂಕಿಗಳು ದಾರಿ ತಪ್ಪುತ್ತವೆ, 54ನೆಯ ಹೆಜ್ಜೆಗೆ 0.5 ಬರುತ್ತದೆ, 55ನೆಯದಕ್ಕೆ ಸೊನ್ನೆ. ಅಲ್ಲಿಂದಾಚೆ ಸೊನ್ನೆಯೇ ಸೊನ್ನೆ. ಯಂತ್ರ ಸಂಖ್ಯೆಗಳನ್ನು ಎರಡರ ಘಾತಗಳಲ್ಲಿ ಇಟ್ಟುಕೊಳ್ಳುತ್ತದೆ, 0.1 ಅದರೊಳಗೆ ಕರಾರುವಾಕ್ಕಾಗಿ ಕೂರುವುದಿಲ್ಲ. ಅದು ನಿಜಕ್ಕೂ ಇಟ್ಟುಕೊಳ್ಳುವುದು, 3602879701896397 ಎಂಬ ಸಂಖ್ಯೆಯನ್ನು 2ನ್ನು 55 ಸಲ ಗುಣಿಸಿದ ಸಂಖ್ಯೆಯಿಂದ ಭಾಗಿಸಿದಾಗ ಬರುವ ಬೆಲೆಯನ್ನು. ಪ್ರತಿ ಇಮ್ಮಡಿಗೂ ಛೇದದ ಒಂದು 2 ಹೊರಟುಹೋಗುತ್ತದೆ. 55 ಸಲಕ್ಕೆ ಗಂಟು ಖಾಲಿ.

ಈ ಉದಾಹರಣೆ ಕೊಂಚ ಅತಿರೇಕದ್ದು ನಿಜ, ಬೇರೆ ವ್ಯವಸ್ಥೆಗಳು ಹೀಗೆ ಸೊನ್ನೆಗೆ ಬಂದು ಬೀಳುವುದಿಲ್ಲ. ಆದರೆ ಅದರ ಹಿಂದಿನ ಲೆಕ್ಕದಿಂದ ಯಾರಿಗೂ ಬಿಡುಗಡೆಯಿಲ್ಲ. ಸಾಮಾನ್ಯ ಕಂಪ್ಯೂಟರ್ ಸುಮಾರು 16 ಅಂಕಿಗಳ ನಿಖರತೆಯಲ್ಲಿ ಕೆಲಸ ಮಾಡುತ್ತದೆ. ದೋಷ ಘಾತೀಯವಾಗಿ ಬೆಳೆಯುವುದಾದರೆ, ಲ್ಯಾಪುನೋವ್ ಘಾತಾಂಕದ ವಿಲೋಮವನ್ನು ಒಂದು ಘಟಕವೆಂದು ಹಿಡಿದರೆ, 37 ಘಟಕಗಳಷ್ಟು ಕಾಲ ಕಳೆಯುವುದರೊಳಗೆ ಆ ಹದಿನಾರೂ ಅಂಕಿಗಳು ಕರಗಿಹೋಗಿರುತ್ತವೆ. ಅದಾದ ಮೇಲೆ ತೆರೆಯ ಮೇಲೆ ಓಡುವ ಪಥ ನಾವು ಹೊರಡಿಸಿದ ಪಥವಲ್ಲ.

ಆದರೂ ಜನ ಇಂಥ ಲೆಕ್ಕಗಳನ್ನು ನಂಬುತ್ತಾರೆ, ನಂಬುವುದಕ್ಕೆ ಕಾರಣವೂ ಇದೆ. ಯಾರೂ ಒಂದು ಪಥವನ್ನು ಕೇಳುತ್ತಿಲ್ಲ, ಸಾವಿರಾರು ಪಥಗಳ ಒಟ್ಟು ನಡತೆಯನ್ನು ಕೇಳುತ್ತಿದ್ದಾರೆ. ಕೇಯಾಸ್ ಎಲ್ಲೆಡೆ ಒಂದೇ ಸಮನೆ ಜೋರಾಗಿರುವ ವ್ಯವಸ್ಥೆಗಳಲ್ಲಿ, ಯಂತ್ರದ ತಪ್ಪು ಪಥದ ತೀರ ಪಕ್ಕದಲ್ಲೇ, ಬೇರೆ ಆರಂಭದಿಂದ ಹೊರಟ ಒಂದು ನಿಜವಾದ ಪಥ ಇರುತ್ತದೆಂದು ಗಣಿತಜ್ಞರು ಸಾಧಿಸಿದ್ದಾರೆ. ಅಂದರೆ ಯಂತ್ರ ಬೇರೆಯವರ ಕಥೆಯನ್ನು ಹೇಳುತ್ತಿದ್ದರೂ ಅದು ನಡೆಯಬಲ್ಲ ಕಥೆಯೇ. ನಮ್ಮ ಅಲೆಯ ಸರಪಳಿಯಂಥ ಬಡಕಲು ಕೇಯಾಸಿಗೆ ಈ ಪ್ರಮೇಯದ ರಕ್ಷಣೆ ಇಲ್ಲ. ಅಲ್ಲಿ ನಂಬಿಕೆ ನಿಂತಿರುವುದು ಪರೀಕ್ಷೆಗಳ ಮೇಲೆ. ಹೆಜ್ಜೆಯ ಅಳತೆ ಬದಲಿಸಿ, ಲೆಕ್ಕದ ವಿಧಾನ ಬದಲಿಸಿ, ಏರುಪೇರಿನ ನೂರಾರು ಮಾದರಿಗಳ ಮೇಲೆ ಸರಾಸರಿ ತೆಗೆದು ನೋಡುವುದು. ವಿಧಾನದ ಆಯ್ಕೆಯೂ ಮುಖ್ಯ. ಶಾಲೆಯ ಪುಸ್ತಕದ ಸಾಮಾನ್ಯ ವಿಧಾನಗಳಲ್ಲಿ ಪ್ರತಿ ಹೆಜ್ಜೆಗೂ ಚೂರು ಶಕ್ತಿ ಸೋರಿ ಅಥವಾ ಸೇರಿ, ಕೋಟಿ ಹೆಜ್ಜೆಗಳ ಕೊನೆಗೆ ವ್ಯವಸ್ಥೆಯೇ ಬೇರೆಯಾಗಿರುತ್ತದೆ. ಚಲನೆಯ ಜ್ಯಾಮಿತಿಯನ್ನು ಕಾಪಾಡುವಂತೆ ಹೆಣೆದ ವಿಧಾನಗಳಲ್ಲಿ ಶಕ್ತಿಯ ದೋಷ ಒಂದು ಮಿತಿಯೊಳಗೆ ಓಲಾಡುತ್ತದೆಯೇ ಹೊರತು ಬೆಳೆಯುತ್ತಾ ಹೋಗುವುದಿಲ್ಲ. ಗ್ರಹಗಳ ಲೆಕ್ಕದಲ್ಲಿ ಪಳಗಿದ ಪ್ಯಾರಿಸಿನ ಲಾಸ್ಕರ್ ಮತ್ತು ರೊಬುಟೆಲ್ 2001ರಲ್ಲಿ ಕೊಟ್ಟ ಅಂಥ ಒಂದು ವಿಧಾನವೇ ಈ ಸರಪಳಿಗಳ ಕೆಲಸಕ್ಕೂ ಬಂತು.

ಈಗ ಮೂಲ ಜಗಳಕ್ಕೆ. 2008ರ ಎರಡು ಪ್ರಬಂಧಗಳ ವಿರೋಧ ಕಂಡಷ್ಟು ನೇರವಾಗಿರಲಿಲ್ಲ. ಅರೇಖೀಯತೆ ತೀರ ಹೆಚ್ಚಾದರೆ ಅಲೆಯ ಒಂದು ಪಾಲು ತಾನೇ ತೋಡಿಕೊಂಡ ಗುಂಡಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಅಕ್ಕಪಕ್ಕದವುಗಳ ಲಯಕ್ಕೆ ಅದರ ಲಯ ಹೊಂದುವುದೇ ಇಲ್ಲ. ಕೊಪಿಡಾಕಿಸ್ ತಂಡ ಗಟ್ಟಿಯಾಗಿ ಸಾಧಿಸಿದ್ದು ಇದನ್ನು. ಉಳಿದ ಪಾಲು ತೆಳ್ಳಗೆ ಹೊರಗೆ ಹರಡಲು ಆ ಸಾಧನೆಯಿಂದ ಅಡ್ಡಿಯಿಲ್ಲ. ಯಾವ ಅಳತೆಗೋಲು ಹಿಡಿದಿದ್ದೀರಿ ಎಂಬುದರ ಮೇಲೆ ಒಂದೇ ಅಲೆ ನಿಂತಂತೆಯೂ ಕಾಣುತ್ತದೆ, ಹರಡಿದಂತೆಯೂ ಕಾಣುತ್ತದೆ. ಹದವಾದ ಅರೇಖೀಯತೆಯಲ್ಲಿ ಏನಾಗುತ್ತದೆ ಎಂಬುದೇ ನಿಜವಾದ ಪ್ರಶ್ನೆಯಾಗಿ ಉಳಿಯಿತು. ಅಲ್ಲಿ ಫ್ಲಾಖ್, ಕ್ರಿಮರ್, ಸ್ಕೋಕೋಸ್ 2009ರಲ್ಲಿ ಕಂಡದ್ದು, ಅಲೆಯ ಅಗಲದ ವರ್ಗ ಕಾಲದ 1/3 ಘಾತದಂತೆ ಬೆಳೆಯುವುದನ್ನು. ನೀರಿನಲ್ಲಿ ಮಸಿ ಹರಡುವಂಥ ಸಾಮಾನ್ಯ ವಿಸರಣದಲ್ಲಿ ಈ ಘಾತ 1.

ಈ 1/3 ಎಲ್ಲಿಂದ ಬಂತು? ವಾದ ಸರಳ, ಆದರೆ ಬಹಳ ಕೆಲಸ ಮಾಡುತ್ತದೆ. ಕಂಪನಗಳ ನಡುವೆ ಅನುರಣನೆ ಆದಾಗ, ಅಂದರೆ ಅವುಗಳ ಲಯಗಳು ಕೂಡಿಬಂದಾಗ, ಮಾತ್ರ ಶಕ್ತಿ ದಾಟುತ್ತದೆ. ಅಲೆ ಹರಡಿದಂತೆ ಅದರ ಸಾಂದ್ರತೆ ಇಳಿಯುತ್ತದೆ, ಸಾಂದ್ರತೆ ಇಳಿದಂತೆ ಅನುರಣನೆ ಅಪರೂಪವಾಗುತ್ತದೆ, ಹರಡುವ ವೇಗ ತಗ್ಗುತ್ತದೆ. ವಿಸರಣದ ದರ ಸಾಂದ್ರತೆಯ ನಾಲ್ಕನೆಯ ಘಾತಕ್ಕೆ ಅನುಗುಣವೆಂದು ಹಿಡಿದರೆ, ಎರಡು ಸಾಲಿನ ಬೀಜಗಣಿತದಲ್ಲಿ 1/3 ಬರುತ್ತದೆ. ಅನುರಣನೆ ಹೇರಳವಾಗಿದ್ದರೆ ದರ ಸಾಂದ್ರತೆಯ ವರ್ಗಕ್ಕೆ ಅನುಗುಣ. ಆಗ ಘಾತ 1/2. ಈ 'ಬಲವಾದ ಕೇಯಾಸ್' ಮಧ್ಯಂತರದ ಅವಸ್ಥೆ ಮಾತ್ರ, ಸಾಂದ್ರತೆ ಇಳಿದಂತೆ ಅದು 1/3ಕ್ಕೆ ಜಾರುತ್ತದೆ. 2010ರ ಲೆಕ್ಕಗಳಲ್ಲಿ ಆ ಜಾರುವಿಕೆಯೂ ಕಂಡಿತು.

ಎಲ್ಲಕ್ಕಿಂತ ನನ್ನನ್ನು ಒಪ್ಪಿಸಿದ್ದು 2013ರಲ್ಲಿ ಸ್ಕೋಕೋಸ್, ಗೋಲಿಯಾಸ್ ಮತ್ತು ಫ್ಲಾಖ್ ಮಾಡಿದ ಅಳತೆ. ಹರಡುವುದನ್ನು ಬಿಟ್ಟು ಅವರು ಕೇಯಾಸನ್ನೇ ಅಳೆದರು. ನಿಯತ ಪಥಕ್ಕೆ ಹೊರಳುತ್ತಿದ್ದರೆ ಲ್ಯಾಪುನೋವ್ ಅಂಕಿ ಕಾಲಕ್ಕೆ ವಿಲೋಮವಾಗಿ ಬೀಳಬೇಕು. ಅದು ಬಿದ್ದದ್ದು ಕಾಲದ ಸುಮಾರು 1/4 ಘಾತದಷ್ಟು ಮೆಲ್ಲಗೆ. ಕೇಯಾಸ್ ಬಡವಾಗುತ್ತಿದೆ, ಆದರೆ ಸಾಯುವ ಲಕ್ಷಣವಿಲ್ಲ. ಜೊತೆಗೆ, ಪಕ್ಕದ ಪಥದೊಂದಿಗಿನ ವ್ಯತ್ಯಾಸ ಸರಪಳಿಯ ಯಾವ ಭಾಗದಲ್ಲಿ ದಟ್ಟವಾಗಿದೆ ಎಂದು ನೋಡಿದಾಗ, ಆ ಬಿಸಿ ತಾಣ ಒಂದೆಡೆ ನಿಲ್ಲದೆ ಅಲೆಯ ಅಗಲದುದ್ದಕ್ಕೂ ಅತ್ತಿತ್ತ ಓಡಾಡುತ್ತಿತ್ತು. ಅಲೆಯ ಒಳಭಾಗವನ್ನೆಲ್ಲ ಅದು ಸರದಿಯಂತೆ ಕದಡುತ್ತಿದೆ ಎಂದಾಯಿತು. ವಿಸರಣದ ವಾದಕ್ಕೆ ಬೇಕಾದದ್ದು ಇದೇ.

ಆದರೂ ಅನುಮಾನಿಗಳ ಮಾತನ್ನು ತಳ್ಳಿಹಾಕುವಂತಿಲ್ಲ. 2010ರಲ್ಲಿ ಯೊಹಾನ್ಸನ್, ಕೊಪಿಡಾಕಿಸ್ ಮತ್ತು ಒಬ್ರಿ ಎತ್ತಿದ ಪ್ರಶ್ನೆ ಹೀಗಿತ್ತು. ಸಾಂದ್ರತೆ ಇಳಿಯುತ್ತಾ ಹೋದಂತೆ ವ್ಯವಸ್ಥೆ ಹೆಚ್ಚು ಹೆಚ್ಚು ರೇಖೀಯವಾಗುತ್ತದೆ. ಹಾಗಿದ್ದಲ್ಲಿ ಕೊಲ್ಮೊಗೊರೊವ್ ಹೇಳಿದ ನಿಯತ ಪಥಗಳು ಎಲ್ಲೋ ಒಂದು ಕಡೆ ಅಲೆಯನ್ನು ಹಿಡಿದು ನಿಲ್ಲಿಸಬಾರದೇಕೆ? ಕದಡುವಿಕೆ ಚಿಕ್ಕದಾದಾಗ ಅಲೆ ಬಹಳ ದೀರ್ಘ ಕಾಲ ತನ್ನ ಜಾಗದಲ್ಲೇ ಇರುತ್ತದೆಂದು ವಾಂಗ್ ಮತ್ತು ಜಾಂಗ್ 2009ರಲ್ಲಿ ಸಾಧಿಸಿದ ಪ್ರಮೇಯವೂ ಇದೆ. 'ಬಹಳ ದೀರ್ಘ' ಎಂಬುದು 'ಸದಾಕಾಲ' ಅಲ್ಲ, ನಿಜ. ಆದರೆ ಮಾದರಿಯ ಸ್ವಂತ ಕಾಲಮಾನದಲ್ಲಿ ಕಂಪ್ಯೂಟರ್ ಓಡುವ 10 ಕೋಟಿ ಘಟಕಗಳ ಕಾಲವೂ ಸದಾಕಾಲವಲ್ಲ.

ಲೆಕ್ಕ ಎಷ್ಟು ದುಬಾರಿಯೆಂದು ನೋಡಿ. ಅಗಲದ ವರ್ಗ 1/3 ಘಾತದಲ್ಲಿ ಬೆಳೆದರೆ ಅಗಲ 1/6 ಘಾತದಲ್ಲಿ ಬೆಳೆಯುತ್ತದೆ. ಅಲೆಯ ಅಗಲ ಇಮ್ಮಡಿಯಾಗಲು 64 ಪಟ್ಟು ಕಾಲ ಬೇಕು. 10 ಕೋಟಿಯಿಂದ ಲಕ್ಷ ಕೋಟಿ ಘಟಕಗಳವರೆಗೆ ಹೋದರೆ, ಹತ್ತು ಸಾವಿರ ಪಟ್ಟು ದುಡಿಮೆಗೆ ಪ್ರತಿಫಲವಾಗಿ ಅಗಲ ನಾಲ್ಕೂವರೆ ಪಟ್ಟು ಚಿಲ್ಲರೆ ಹೆಚ್ಚುತ್ತದೆ. ಒಂದು ವಾರದ ಲೆಕ್ಕವನ್ನು ಹಾಗೆ ಹಿಗ್ಗಿಸಿದರೆ ಸುಮಾರು 190 ವರ್ಷ. 2019ರಲ್ಲಿ ವಕುಲ್ಚಿಕ್, ಫಿಸ್ಟುಲ್ ಮತ್ತು ಫ್ಲಾಖ್ ಇದಕ್ಕೆ ಒಂದು ಒಳದಾರಿ ಕಂಡುಕೊಂಡರು. ನಿರಂತರ ಕಾಲದ ಸಮೀಕರಣವನ್ನು ಕೈಬಿಟ್ಟು, ಕ್ವಾಂಟಮ್ ಗಣನೆಗಾಗಿ ಹುಟ್ಟಿದ್ದ ಹೆಜ್ಜೆ ಹೆಜ್ಜೆಯ 'ಕ್ವಾಂಟಮ್ ನಡಿಗೆ'ಯನ್ನು ಮಾದರಿಯಾಗಿ ತೆಗೆದುಕೊಂಡರು. ಒಂದೊಂದು ಹೆಜ್ಜೆಯ ಲೆಕ್ಕ ಅಗ್ಗ, ಸಣ್ಣ ಹೆಜ್ಜೆಗಳಾಗಿ ಒಡೆಯುವ ದೋಷವಿಲ್ಲ. ಲಕ್ಷ ಕೋಟಿಯ ಮಟ್ಟ ದಾಟಿದರೂ 1/3 ಬದಲಾಗಲಿಲ್ಲ.

ಈ ಫಲಿತಾಂಶದ ತೂಕ ಎಷ್ಟು? ಒಂದು ಒರಟು ಲೆಕ್ಕ ಹಾಕಿ ನೋಡಬಹುದು. ನಿಜವಾದ ಬೆಳವಣಿಗೆ ಘಾತ ನಿಯಮದ್ದಾಗಿರದೆ, ಕಾಲದ ಲಾಗರಿದಮ್ಮಿನ ಯಾವುದೋ ಘಾತದಂತೆ ಮಂಕಾಗುತ್ತಾ ಹೋಗುವುದಾಗಿತ್ತು ಎನ್ನೋಣ. 10 ಕೋಟಿಯಲ್ಲಿ ಅದು 1/3ರಂತೆ ಕಾಣುವ ಹಾಗೆ ಹೊಂದಿಸಿದರೆ, ಹತ್ತು ಸಾವಿರದಲ್ಲಿ ಅದೇ ಬೆಳವಣಿಗೆ 0.67ರಂತೆ ಕಾಣಬೇಕಿತ್ತು, ಲಕ್ಷ ಕೋಟಿಯಲ್ಲಿ 0.22ಕ್ಕೆ ಇಳಿದಿರಬೇಕಿತ್ತು. ಅಷ್ಟು ದೊಡ್ಡ ವ್ಯತ್ಯಾಸ ಕಣ್ತಪ್ಪುವಂಥದ್ದಲ್ಲ. ಆದ್ದರಿಂದ ನಿಧಾನವಾಗಿ ಸೊರಗುವ ಸರಳ ಸಾಧ್ಯತೆಗಳು ಹೊರಬಿದ್ದಂತೆಯೇ. ಉಳಿಯುವುದು ಹಠಾತ್ ನಿಲುಗಡೆಯ ಸಾಧ್ಯತೆ: ಇನ್ನೂ ತೆಳುವಾದ ಸಾಂದ್ರತೆಯಲ್ಲಿ, ನಾವು ಇನ್ನೂ ತಲುಪದ ಎಡೆಯಲ್ಲಿ, ನೆಖೊರೊಶೆವ್ ಮಾದರಿಯ ಹೆಪ್ಪುಗಟ್ಟುವಿಕೆ. ಅದನ್ನು ಯಾವ ಕಂಪ್ಯೂಟರೂ ಅಲ್ಲಗಳೆಯಲಾರದು. 'ಅಲೆ ಎಂದೆಂದಿಗೂ ಹರಡುತ್ತದೆ' ಎಂದು ಬರೆಯುವವರು ಇದನ್ನು ನೆನಪಿಡುವುದಿಲ್ಲ. 'ಸಿಮ್ಯುಲೇಶನ್ ಸಾಕ್ಷ್ಯವೇ ಅಲ್ಲ' ಎನ್ನುವವರು 0.67 ಮತ್ತು 0.22ರ ಅಂತರವನ್ನು ನೋಡುವುದಿಲ್ಲ. ಎರಡನೆಯವರ ಮೇಲೆ ನನಗೆ ಸಿಟ್ಟು ತುಸು ಹೆಚ್ಚು.

ಸೌರವ್ಯೂಹದ ಲೆಕ್ಕ ಮಾಡುವವರು ಈ ಶಿಸ್ತನ್ನು ಮೊದಲೇ ಕಲಿತಿದ್ದರು. ಒಳಗ್ರಹಗಳ ಚಲನೆಯಲ್ಲಿ ದೋಷ ಸುಮಾರು 50 ಲಕ್ಷ ವರ್ಷಕ್ಕೊಮ್ಮೆ ಮೂರು ಪಟ್ಟಿನ ಹತ್ತಿರಕ್ಕೆ ಬೆಳೆಯುತ್ತದೆಂದು ಜಾಕ್ ಲಾಸ್ಕರ್ 1989ರಲ್ಲಿ ತೋರಿಸಿದ ಮೇಲೆ, ಬುಧನ ಗತಿಯೇನು ಎಂಬುದಕ್ಕೆ ಒಂದೇ ಉತ್ತರ ಕೊಡುವ ಆಸೆ ಬಿಟ್ಟರು. 2009ರಲ್ಲಿ ಲಾಸ್ಕರ್ ಮತ್ತು ಗಾಸ್ಟಿನೋ ಆರಂಭದ ಸ್ಥಿತಿಯನ್ನು ಕೂದಲೆಳೆಯಷ್ಟು ಬದಲಿಸುತ್ತಾ 2501 ಸಲ 500 ಕೋಟಿ ವರ್ಷಗಳ ಲೆಕ್ಕ ಓಡಿಸಿದರು. ನೂರಕ್ಕೆ ಸುಮಾರು ಒಂದರಲ್ಲಿ ಬುಧನ ಕಕ್ಷೆ ಅಪಾಯಕಾರಿಯಾಗಿ ಉದ್ದವಾಯಿತು. ಒಂದೇ ಭವಿಷ್ಯದ ಬದಲು ಸಾಧ್ಯತೆಯ ಲೆಕ್ಕ ಕೊಟ್ಟರು.

ನಮ್ಮಲ್ಲಿ ಈ ಕೆಲಸ ನಡೆಯುತ್ತಿರುವುದು ಬೆಂಗಳೂರಿನ ಉತ್ತರಕ್ಕೆ, ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರದಲ್ಲಿ. 2018ರಲ್ಲಿ ಅಲ್ಲಿನವರೂ ಸೇರಿದ್ದ ಒಂದು ತಂಡ, ಸ್ಪಿನ್‌ಗಳ (ಪುಟ್ಟ ಅಯಸ್ಕಾಂತಗಳಂಥವು) ಸರಪಳಿಯಲ್ಲಿ ಒಂದು ಜಾಗದ ಚಿಕ್ಕ ವ್ಯತ್ಯಾಸ ಬೆಳಕಿನ ಶಂಕುವಿನಂತೆ ನಿಶ್ಚಿತ ವೇಗದಲ್ಲಿ ಹರಡುವುದನ್ನು ತೋರಿಸಿತು. ಅಲ್ಲಿ ಕದಡುವಿಕೆ ಓಡುತ್ತದೆ, ಆ ಸರಪಳಿಯೊಳಗಿನ ಸಾಮಾನ್ಯ ವಿಸರಣ ಮಾತ್ರ ಕುಂಟುತ್ತದೆ. 2020ರಲ್ಲಿ ಗಣಪ, ಆಪ್ಟೆ ಮತ್ತು ಧಾರ್ ಮತ್ತೆ ಫರ್ಮಿಯ ಸರಪಳಿಗೇ ಮರಳಿ, ಶಕ್ತಿಯನ್ನು ಒಂದು ಜಾಗದಲ್ಲಿ ಇಟ್ಟು ಹೊರಡಿಸಿ, ಕಂಪನಗಳ ಬದಲು ಆಯಾ ಜಾಗದ ಅಳತೆಗಳನ್ನು ಗಮನಿಸಿದರು. ಸಮತೋಲಕ್ಕೆ ಬರುವ ಕಾಲ ಏನನ್ನು ಅಳೆಯುತ್ತೀರಿ ಎಂಬುದಕ್ಕೆ ತಕ್ಕಂತೆ ಗಮನಾರ್ಹವಾಗಿ ಬದಲಾಯಿತು. ಇನ್ನೂ ಬೆರಗಿನ ಸಂಗತಿಯೆಂದರೆ, ಕೇಯಾಸೇ ಇಲ್ಲದ, ಪೂರ್ತಿ ಬಿಡಿಸಬಲ್ಲ ಟೋಡಾ ಸರಪಳಿಯೂ ಹಲವು ಆರಂಭಗಳ ಸರಾಸರಿ ತೆಗೆದಾಗ, ಬಹಳ ತಡವಾಗಿಯಾದರೂ, ಸಮತೋಲಕ್ಕೆ ಬಂದಂತೆ ಕಂಡಿತು. ಹರಡಿದ್ದನ್ನು ಕಂಡಕೂಡಲೇ ಅದರ ಹಿಂದೆ ಕೇಯಾಸ್ ಇದೆ ಎಂದು ಬರೆದುಬಿಡುವಂತಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಅಳೆಯಬೇಕು.

ಪ್ರಯೋಗಾಲಯದಿಂದ ತೀರ್ಪು ಬರುವ ಸಾಧ್ಯತೆ ಸದ್ಯಕ್ಕೆ ಕಡಿಮೆ. ಫ್ಲಾರೆನ್ಸಿನ ತಂಡ 2011ರಲ್ಲಿ ಪೊಟ್ಯಾಸಿಯಮ್ ಪರಮಾಣುಗಳಲ್ಲಿ ಸಾಮಾನ್ಯಕ್ಕಿಂತ ನಿಧಾನದ ವಿಸರಣವನ್ನು ಅಳೆಯಿತು, ದಿಕ್ಕು ಸರಿಯಿತ್ತು. ಆದರೆ ಪರಮಾಣುಗಳು ಬಲೆಯಲ್ಲಿ ಉಳಿಯುವುದು ಸೆಕೆಂಡುಗಳ ಲೆಕ್ಕದಲ್ಲಿ, ಕಂಪ್ಯೂಟರ್ ಈಗಾಗಲೇ ದಾಟಿದ ಕಾಲಕ್ಕಿಂತ ಬಹಳ ಮೊದಲೇ ಪ್ರಯೋಗ ಮುಗಿದುಹೋಗುತ್ತದೆ.

ಹೀಗಾಗಿ ಕೆಲಸ ಸಾಗುತ್ತಿರುವುದು ಎರಡು ಆಯಾಮದ ಜಾಲಗಳ ಕಡೆಗೆ. ಕೇಪ್ ಟೌನಿನಲ್ಲಿ ಸ್ಕೋಕೋಸ್ ಮತ್ತು ಸಂಗಡಿಗರು 2020ರಲ್ಲಿ ಅಲ್ಲಿಯೂ ಕೇಯಾಸಿನ ಅಂಕಿ ಸಾಯದೆ ಮೆಲ್ಲಗೆ ಇಳಿಯುವುದನ್ನು, ಒಂದು ಆಯಾಮಕ್ಕಿಂತ ತುಸು ಬೇಗ ಇಳಿಯುವುದನ್ನು ದಾಖಲಿಸಿದರು. ಸಾಂದ್ರತೆಯ ವಾದ ಅಲ್ಲಿಗೆ ಕೊಡುವ ಘಾತ 1/5. ಅಂದರೆ ಅಲೆಯ ಅಗಲ ಒಮ್ಮೆ ಇಮ್ಮಡಿಯಾಗುವುದನ್ನು ನೋಡಲು ಲೆಕ್ಕವನ್ನು 1024 ಪಟ್ಟು ಓಡಿಸಬೇಕು, ಅದೂ ಸರಪಳಿಯ ಬದಲು ಇಡೀ ಜಾಲದ ಮೇಲೆ.